ಹೊಸ ವಿಷಯ ಬಂದಾಗ ಯಾವ ಪಾಠ ಹೋಗುತ್ತದೆ? ಜೂನಿಯರ್ ಹೈಸ್ಕೂಲ್ ವೇಳಾಪಟ್ಟಿಯ ಲೆಕ್ಕ

ಜಪಾನಿನ ಜೂನಿಯರ್ ಹೈಸ್ಕೂಲಿನಲ್ಲಿ ವರ್ಷಕ್ಕೆ 1,015 ಪಾಠಗಳು. ಒಂದೊಂದು ಪಾಠ 50 ನಿಮಿಷದ್ದು. ಹನ್ನೆರಡರಿಂದ ಹದಿನೈದರ ವಯಸ್ಸಿನ ಮಕ್ಕಳು ಅಲ್ಲಿ ಕಳೆಯುವ ಮೂರೂ ವರ್ಷಗಳಿಗೆ ಸರ್ಕಾರ ಗೊತ್ತುಮಾಡಿರುವ ಪ್ರಮಾಣ ಇದು. ವರ್ಷಕ್ಕೆ 35 ವಾರ ಎಂದು ಹಿಡಿದರೆ ವಾರಕ್ಕೆ 29 ಪಾಠ. ಭಾಷೆ, ಗಣಿತ, ವಿಜ್ಞಾನ, ಸಮಾಜ, ಇಂಗ್ಲಿಷ್, ಸಂಗೀತ, ಚಿತ್ರಕಲೆ, ಆಟ, ಮರಗೆಲಸ, ಅಡುಗೆ, ಹೊಲಿಗೆ, ನೀತಿಪಾಠ, ತರಗತಿಯ ಸಭೆ ಎಲ್ಲವೂ ಈ 29ರೊಳಗೇ ಹಿಡಿಸಬೇಕು.

ಆ ಪಟ್ಟಿಯನ್ನು ಬಿಡಿಸಿ ನೋಡಿದರೆ ಒಂದು ಕಥೆ ಕಾಣುತ್ತದೆ. ಮೊದಲ ವರ್ಷ ಜಪಾನಿ ಭಾಷೆ, ಗಣಿತ, ವಿದೇಶಿ ಭಾಷೆ ಮೂರಕ್ಕೂ ತಲಾ 140 ಪಾಠ. ಸಮಾಜ, ವಿಜ್ಞಾನ, ದೈಹಿಕ ಶಿಕ್ಷಣಕ್ಕೆ ತಲಾ 105. ತಂತ್ರಜ್ಞಾನ ಮತ್ತು ಗೃಹವಿಜ್ಞಾನ ಎಂಬ ಜೋಡಿ ವಿಷಯಕ್ಕೆ 70. ಸಂಗೀತಕ್ಕೆ 45, ಚಿತ್ರಕಲೆಗೆ 45. ಉಳಿದದ್ದು ನೀತಿಪಾಠ, ತರಗತಿ ಚಟುವಟಿಕೆ ಮತ್ತು ಹಲವು ವಿಷಯಗಳನ್ನು ಬೆರೆಸಿ ಕಲಿಯುವ ಸಮಗ್ರ ಅಧ್ಯಯನಕ್ಕೆ. ಮೂರನೇ ವರ್ಷ ಬರುವಷ್ಟರಲ್ಲಿ ಸಂಗೀತ 35ಕ್ಕೆ ಇಳಿದಿರುತ್ತದೆ, ಚಿತ್ರಕಲೆಯೂ 35ಕ್ಕೆ ಇಳಿದಿರುತ್ತದೆ, ತಂತ್ರಜ್ಞಾನ ಮತ್ತು ಗೃಹವಿಜ್ಞಾನ ಎರಡೂ ಸೇರಿ 35 ಆಗಿರುತ್ತದೆ. ಅಂದರೆ ವಾರಕ್ಕೆ ಒಂದೇ ಪಾಠ, ಅದರಲ್ಲೂ ಎರಡು ಪಾಲು. ವಾರ ಬಿಟ್ಟು ವಾರ ಹಂಚಿಕೊಂಡರೆ, ಇವತ್ತು ಗರಗಸ ಹಿಡಿದ ಹುಡುಗಿ ಮತ್ತೆ ಅದನ್ನು ಮುಟ್ಟುವುದು ಹದಿನಾಲ್ಕು ದಿನ ಕಳೆದ ಮೇಲೆ.

ಜಪಾನಿನ ತಪ್ಪು ತೋರಿಸಲೆಂದು ಇಲ್ಲಿಂದ ಆರಂಭಿಸಲಿಲ್ಲ. ಲೆಕ್ಕವನ್ನು ಇಷ್ಟು ಬಿಚ್ಚಿಟ್ಟಿರುವ ದೇಶಗಳು ಕಡಿಮೆ, ಅದಕ್ಕೇ ಆರಿಸಿಕೊಂಡೆ. ಇದೇ ಕೂಡು-ಕಳೆ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಹಲವು ಕಡೆ ಕೂಡಿದ್ದು ಮಾತ್ರ ಸುದ್ದಿಯಾಗುತ್ತದೆ, ಕಳೆದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಈಗ ಕೂಡಿಸುವ ಕಾಲ. ಕೃತಕ ಬುದ್ಧಿಮತ್ತೆಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬ ಚೌಕಟ್ಟನ್ನು ಯುನೆಸ್ಕೊ 2024ರಲ್ಲಿ ಹೊರತಂದಿತು. ಬೀಜಿಂಗ್ ನಗರ 2025ರ ಶರತ್ಕಾಲದಿಂದ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ವರ್ಷಕ್ಕೆ ಕನಿಷ್ಠ 8 ಗಂಟೆ ಈ ಪಾಠ ನಡೆಯಬೇಕೆಂದು ಹೇಳಿತು. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳನ್ನು ಅಳೆಯುವ ಪೀಸಾ ಪರೀಕ್ಷೆ 2029ರಲ್ಲಿ ಮಾಧ್ಯಮ ಮತ್ತು ಕೃತಕ ಬುದ್ಧಿಮತ್ತೆಯ ತಿಳಿವಳಿಕೆಯನ್ನೂ ಅಳೆಯಲಿದೆ. ಇದರ ಬೆನ್ನಿಗೇ ಹಣಕಾಸಿನ ಪಾಠ ಬೇಕು, ಹವಾಮಾನ ಬದಲಾವಣೆಯ ಪಾಠ ಬೇಕು, ಮಾನಸಿಕ ಆರೋಗ್ಯದ ಪಾಠ ಬೇಕು, ಸುಳ್ಳು ಸುದ್ದಿ ಗುರುತಿಸುವ ಪಾಠ ಬೇಕು ಎಂಬ ಬೇಡಿಕೆಗಳು ಸಾಲುಗಟ್ಟಿವೆ. ಇವುಗಳಲ್ಲಿ ಒಂದನ್ನೂ ನಾನು ಬೇಡವೆನ್ನಲಾರೆ. ಹದಿಮೂರರ ಮಗುವಿನ ಕೈಯಲ್ಲಿ ಮೊಬೈಲ್ ಇರುವಾಗ ಅದರೊಳಗೆ ಏನು ನಡೆಯುತ್ತಿದೆ ಎಂದು ಹೇಳಿಕೊಡದೆ ಬಿಡುವುದು ನ್ಯಾಯವಲ್ಲ. ಆದರೆ ವಾರಕ್ಕೆ 29 ಇದ್ದದ್ದು 30 ಆಗುವುದಿಲ್ಲ. ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಜರುಗಲೇಬೇಕು. ಯಾವುದು ಜರುಗುತ್ತದೆ ಎನ್ನುವುದೇ ಈ ಹಂತದ ಶಿಕ್ಷಣದ ನಿಜವಾದ ಪ್ರಶ್ನೆ.

ಈ ಹಂತಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಜೂನಿಯರ್ ಹೈಸ್ಕೂಲ್, ಮಿಡ್ಲ್ ಸ್ಕೂಲ್, ಮಾಧ್ಯಮಿಕ ಶಾಲೆ. ಇಂಗ್ಲೆಂಡಿನಲ್ಲಿ ಹನ್ನೊಂದರಿಂದ ಹದಿನಾಲ್ಕರವರೆಗಿನ ಭಾಗಕ್ಕೆ ‘ಮೂರನೇ ಹಂತ’. ಹೆಸರು ಯಾವುದೇ ಇರಲಿ, ವಿಷಯಗಳ ಪಟ್ಟಿ ಅತಿ ಉದ್ದವಾಗಿರುವುದು ಇಲ್ಲೇ. ಇದಕ್ಕೂ ಕೆಳಗೆ ಒಬ್ಬರೇ ಶಿಕ್ಷಕರು ಹೆಚ್ಚಿನ ಪಾಠಗಳನ್ನು ಮಾಡುತ್ತಾರೆ, ವಿಷಯಗಳ ನಡುವಿನ ಗೋಡೆ ತೆಳುವಾಗಿರುತ್ತದೆ. ಇದಕ್ಕೂ ಮೇಲೆ ಮಕ್ಕಳು ತಮ್ಮ ದಾರಿ ಆರಿಸಿಕೊಂಡು ಹಲವು ವಿಷಯಗಳನ್ನು ಬಿಟ್ಟಿರುತ್ತಾರೆ. ನಡುವಿನ ಈ ಮೂರು ವರ್ಷ ಮಾತ್ರ ಎಲ್ಲರೂ ಎಲ್ಲವನ್ನೂ ಕಲಿಯುವ ಕಾಲ. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಈ ಹಂತಕ್ಕೆ 12 ಕಡ್ಡಾಯ ವಿಷಯಗಳಿವೆ: ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ, ಭೂಗೋಳ, ವಿದೇಶಿ ಭಾಷೆ, ವಿನ್ಯಾಸ ಮತ್ತು ತಂತ್ರಜ್ಞಾನ, ಚಿತ್ರಕಲೆ, ಸಂಗೀತ, ದೈಹಿಕ ಶಿಕ್ಷಣ, ಪೌರನೀತಿ, ಕಂಪ್ಯೂಟಿಂಗ್. ರಷ್ಯಾದಲ್ಲಿ ವಿಜ್ಞಾನವೇ ಒಡೆದುಕೊಂಡು ಜೀವಶಾಸ್ತ್ರ ಐದನೇ ತರಗತಿಯಲ್ಲಿ, ಭೌತಶಾಸ್ತ್ರ ಏಳರಲ್ಲಿ, ರಸಾಯನಶಾಸ್ತ್ರ ಎಂಟರಲ್ಲಿ ಬೇರೆ ಬೇರೆ ಪುಸ್ತಕಗಳಾಗಿ ಬರುತ್ತವೆ.

ಪಟ್ಟಿ ಇಷ್ಟು ಉದ್ದವಾಗಲು ಈ ಶಾಲೆ ಹುಟ್ಟಿದ ಬಗೆಯೇ ಕಾರಣ. 1892ರಲ್ಲಿ ಅಮೆರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ನೇತೃತ್ವದಲ್ಲಿ ಹತ್ತು ಜನರ ಸಮಿತಿಯೊಂದು ರಚನೆಯಾಯಿತು. ಮಾರನೆಯ ವರ್ಷ ಬಂದ ಅದರ ವರದಿ, ಬೀಜಗಣಿತ, ವಿದೇಶಿ ಭಾಷೆಗಳಂಥ ಪಾಠಗಳು ತಡವಾಗಿ ಆರಂಭವಾಗುತ್ತಿವೆ, ಪ್ರೌಢ ಹಂತವನ್ನೇ ಎರಡು ವರ್ಷ ಮುಂಚೆ ಶುರು ಮಾಡಬಹುದು ಎಂದಿತು. ಕಾಲೇಜಿಗೆ ಹೋಗುವವರ ದೃಷ್ಟಿಯಿಂದ ಬಂದ ಮಾತು ಅದು. ಅದೇ ಕಾಲಕ್ಕೆ ಇನ್ನೊಂದು ಚಿಂತೆಯೂ ಇತ್ತು. ಹದಿನಾಲ್ಕಕ್ಕೇ ಶಾಲೆ ಬಿಟ್ಟು ದುಡಿಮೆಗೆ ಹೋಗುತ್ತಿದ್ದ ಅಸಂಖ್ಯ ಮಕ್ಕಳಿಗೆ ಹೋಗುವ ಮೊದಲು ಒಂದಷ್ಟು ಕಸುಬು, ಮನೆವಾರ್ತೆಯ ತಿಳಿವಳಿಕೆ ಕೊಡಬೇಕು ಎನ್ನುವುದು. 1909ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ತೆರೆದ ಶಾಲೆ ಜೂನಿಯರ್ ಹೈಸ್ಕೂಲ್ ಎಂಬ ಹೆಸರಿನ ಮೊದಲಿಗರಲ್ಲಿ ಒಂದು. ಎರಡೂ ಚಿಂತೆಗಳು ಒಂದೇ ಕಟ್ಟಡದೊಳಗೆ ಬಂದವು. ಒಂದು ಕೋಣೆಯಲ್ಲಿ ಲ್ಯಾಟಿನ್, ಪಕ್ಕದ ಕೋಣೆಯಲ್ಲಿ ಮರಗೆಲಸದ ಮೇಜು. ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, ಜಪಾನ್ ಆರು-ಮೂರು-ಮೂರು ವರ್ಷಗಳ ವ್ಯವಸ್ಥೆಯನ್ನು ತಂದಾಗ ಈ ಜೋಡಿ ಉದ್ದೇಶವೂ ಜೊತೆಗೇ ಬಂತು.

ಕೈಕೆಲಸ ಶಾಲೆಗೆ ಬಂದದ್ದಕ್ಕೆ ಇನ್ನೂ ಹಳೆಯ ದಾರಿಯೊಂದಿದೆ, ಅದು ನನಗೆ ಹೆಚ್ಚು ಹಿಡಿಸುವ ದಾರಿ. ಫಿನ್‌ಲೆಂಡಿನ ಜನಶಾಲೆಗಳಿಗೆ ಅಡಿಪಾಯ ಹಾಕಿದ ಉನೊ ಸಿಗ್ನೇಯಸ್ ಕೈಕಸುಬನ್ನು ಕಂಡದ್ದು ದುಡಿಮೆಯ ತರಬೇತಿಯೆಂದಲ್ಲ, ಶಿಕ್ಷಣದ ಒಂದು ಅಂಗವೆಂದು. 1866ರ ಕಾಯ್ದೆಯಲ್ಲಿ ಅದು ಅಲ್ಲಿನ ಶಾಲೆಗಳ ಕಡ್ಡಾಯ ವಿಷಯವಾಯಿತು. ಮಗು ಬಡಗಿಯಾಗಲಿ ಎಂಬುದು ಅವರ ಉದ್ದೇಶವಾಗಿರಲಿಲ್ಲ. ಕಣ್ಣು, ಕೈ, ಅಳತೆ, ತಾಳ್ಮೆ ಒಂದಕ್ಕೊಂದು ಹೊಂದುವುದು ಓದಿನಷ್ಟೇ ಮುಖ್ಯವಾದ ಕಲಿಕೆ ಎಂಬುದು ಅವರ ನಂಬಿಕೆ. ಫಿನ್‌ಲೆಂಡ್ ಆ ಎಳೆಯನ್ನು ಇನ್ನೂ ಬಿಟ್ಟಿಲ್ಲ. ಇವತ್ತಿಗೂ ಅಲ್ಲಿ ಏಳರಿಂದ ಒಂಬತ್ತನೇ ತರಗತಿಯ ಹಂತದಲ್ಲಿ ಗೃಹವಿಜ್ಞಾನ ಹುಡುಗ, ಹುಡುಗಿ ಎನ್ನದೆ ಎಲ್ಲರಿಗೂ ಕಡ್ಡಾಯ. ಕನಿಷ್ಠ ಪ್ರಮಾಣ ಅವರ ಲೆಕ್ಕದಲ್ಲಿ 3 ವಾರ್ಷಿಕ ಘಟಕ, ಅಂದರೆ 114 ಪಾಠ. 2016ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಬಟ್ಟೆಯ ಕೆಲಸ, ಮರ-ಲೋಹದ ಕೆಲಸ ಎರಡನ್ನೂ ಒಂದೇ ‘ಕರಕುಶಲ’ ವಿಷಯವಾಗಿ ಎಲ್ಲ ಮಕ್ಕಳೂ ಕಲಿಯಬೇಕು.

ಜಪಾನಿನಲ್ಲಿ ಇದೇ ಎಳೆ ಹೇಗೆ ಸವೆಯಿತು ನೋಡಿ. 1958ರ ಪರಿಷ್ಕರಣೆಯಲ್ಲಿ ತಂತ್ರಜ್ಞಾನ-ಗೃಹವಿಜ್ಞಾನ ವಿಷಯ ಹುಟ್ಟಿದಾಗ ಅದಕ್ಕೆ ವರ್ಷಕ್ಕೆ 105 ಪಾಠ, ಮೂರು ವರ್ಷಕ್ಕೆ 315. ಹುಡುಗರು ತಂತ್ರಜ್ಞಾನ ಕಲಿಯುತ್ತಿದ್ದರು, ಹುಡುಗಿಯರು ಗೃಹವಿಜ್ಞಾನ. ಈ ವಿಂಗಡಣೆ ಅನ್ಯಾಯದ್ದೇ. ಅದನ್ನು 1989ರ ಪರಿಷ್ಕರಣೆ ತೆಗೆದುಹಾಕಿತು. 1993ರಿಂದ ಜೂನಿಯರ್ ಹೈಸ್ಕೂಲಿನ ಹುಡುಗರೂ ಒಲೆಯ ಮುಂದೆ ನಿಂತರು, ಹುಡುಗಿಯರೂ ಬೆಸುಗೆ ಹಾಕಿದರು. ಎಷ್ಟೋ ಮೊದಲೇ ಆಗಬೇಕಿದ್ದ ಬದಲಾವಣೆ ಅದು. ಆದರೆ ಎರಡು ಭಾಗಗಳನ್ನೂ ಎಲ್ಲರೂ ಕಲಿಯಬೇಕಾದಾಗ ಪಾಠಗಳ ಸಂಖ್ಯೆ ಏರಬೇಕಿತ್ತು. ಆದದ್ದು ತದ್ವಿರುದ್ಧ. 2002ರಿಂದ ಒಟ್ಟು ಪ್ರಮಾಣ 175ಕ್ಕೆ ಇಳಿಯಿತು, ಇಂದಿಗೂ ಅಲ್ಲೇ ಇದೆ. ಎರಡಾಗಿ ಹಂಚಿದರೆ ತಂತ್ರಜ್ಞಾನಕ್ಕೆ ಸಿಗುವುದು ಮೂರು ವರ್ಷಕ್ಕೆ 87 ಪಾಠ ಚಿಲ್ಲರೆ. ಗಂಟೆಯ ಲೆಕ್ಕದಲ್ಲಿ ಸುಮಾರು 73. ಒಂದು ಕಾಲದಲ್ಲಿ ಒಬ್ಬ ಹುಡುಗನಿಗೆ 315 ಪಾಠಗಳಲ್ಲಿ ಸಿಗುತ್ತಿದ್ದದ್ದು ಈಗ ಅದರ ಮೂರನೇ ಒಂದು ಪಾಲಿಗೂ ಕಡಿಮೆ.

ಆ 87 ಪಾಠಗಳಲ್ಲಿ ಕಲಿಸಬೇಕಾದದ್ದು ನಾಲ್ಕು ಭಾಗ: ವಸ್ತುಗಳು ಮತ್ತು ಅವುಗಳ ಸಂಸ್ಕರಣೆ, ಸಸ್ಯ-ಪ್ರಾಣಿಗಳ ಪಾಲನೆ, ಶಕ್ತಿಯ ಪರಿವರ್ತನೆ, ಮಾಹಿತಿ ತಂತ್ರಜ್ಞಾನ. 2021ರಿಂದ ನಾಲ್ಕನೆಯದರಲ್ಲಿ ಪ್ರೋಗ್ರಾಮಿಂಗ್ ಇನ್ನಷ್ಟು ಹಿಗ್ಗಿತು. ಜಾಲದ ಮೂಲಕ ಪರಸ್ಪರ ಸ್ಪಂದಿಸುವ ಪ್ರೋಗ್ರಾಮ್ ಬರೆಯುವುದೂ ಸೇರಿತು. ಪಾಠಗಳ ಸಂಖ್ಯೆಯಲ್ಲಿ ಒಂದೂ ಏರಲಿಲ್ಲ. ವಿದೇಶಿ ಭಾಷೆಗೆ ಮಾತ್ರ 2012ರಿಂದ ವರ್ಷಕ್ಕೆ 105 ಇದ್ದದ್ದು 140 ಆಗಿತ್ತು.

ಅಂಕಿಗಳಲ್ಲಿ ಇದು ಸಣ್ಣ ವಿಷಯದಂತೆ ಕಾಣಬಹುದು. ಕೈಕೆಲಸದ ಒಂದು ಪಾಠದೊಳಗೆ ಹೋಗಿ ನಿಂತರೆ ಹಾಗೆ ಕಾಣುವುದಿಲ್ಲ. ಐವತ್ತು ನಿಮಿಷದ ಪಾಠ. ಮಕ್ಕಳು ಬರುತ್ತಾರೆ, ಏಪ್ರನ್ ಕಟ್ಟಿಕೊಳ್ಳುತ್ತಾರೆ, ಕಪಾಟಿನಿಂದ ಹತ್ಯಾರು ತೆಗೆದು ಎಣಿಸಿ ಹಂಚಿಕೊಳ್ಳುತ್ತಾರೆ. ಕಳೆದ ಬಾರಿ ಅರ್ಧ ಕೊರೆದಿಟ್ಟ ಹಲಗೆ ಯಾರದು ಎಂದು ಹುಡುಕುತ್ತಾರೆ. ಶಿಕ್ಷಕರು ಉಳಿಯನ್ನು ಹೇಗೆ ಹಿಡಿಯಬೇಕು, ಬೆರಳು ಎಲ್ಲಿರಬಾರದು ಎಂದು ಮತ್ತೊಮ್ಮೆ ತೋರಿಸುತ್ತಾರೆ. ಎರಡು ವಾರದಲ್ಲಿ ಅದು ಮರೆತಿರುತ್ತದೆ. ಹದಿನೈದು ನಿಮಿಷ ಹೋಯಿತು. ಕೊನೆಗೆ ಮರದ ಪುಡಿ ಗುಡಿಸಿ, ಹತ್ಯಾರು ಒರೆಸಿ, ಎಣಿಸಿ ಒಳಗಿಡಲು ಹತ್ತು ನಿಮಿಷ. ನಡುವೆ ಉಳಿದದ್ದು ಇಪ್ಪತ್ತೈದು. ಅಷ್ಟರಲ್ಲಿ ಒಂದು ಕೂಡುಗಚ್ಚು ಸರಿಯಾಗಿ ಹೊಂದಲಿಲ್ಲವೆಂದರೆ ಅದನ್ನು ಮಗು ತಾನೇ ಬಿಚ್ಚಿ ತಿದ್ದಿಕೊಳ್ಳಲು ವ್ಯವಧಾನವಿಲ್ಲ. ಶಿಕ್ಷಕರು ಬಂದು ಸರಿಮಾಡಿಕೊಡುತ್ತಾರೆ. ಮಗುವಿಗೆ ವಸ್ತು ಸಿಕ್ಕಿತು, ಆದರೆ ಕೈಕೆಲಸ ಕಲಿಸಬೇಕಾಗಿದ್ದದ್ದು ಆ ತಿದ್ದುವಿಕೆಯನ್ನೇ.

ಹೀಗೆ ಸವೆದ ವಿಷಯ ಒಂದು ದಿನ ಯಾರ ಆಕ್ಷೇಪವೂ ಇಲ್ಲದೆ ಹೊರಟುಹೋಗುತ್ತದೆ. ಕೆಲಸದ ಕೋಣೆ ಕಂಪ್ಯೂಟರ್ ಕೋಣೆಯಾಗುತ್ತದೆ. ಮೇಜು, ಹಿಡಿಕೆ, ಕೊರೆಯುವ ಯಂತ್ರ ವಿಲೇವಾರಿಯಾಗುತ್ತವೆ. ಆ ಶಿಕ್ಷಕರು ನಿವೃತ್ತರಾದ ಮೇಲೆ ಆ ಹುದ್ದೆಗೆ ಮತ್ತೊಬ್ಬರು ಬರುವುದಿಲ್ಲ. ಒಂದು ಅಧ್ಯಾಯವನ್ನು ಪಠ್ಯದಿಂದ ತೆಗೆದರೆ ಮುಂದಿನ ಪರಿಷ್ಕರಣೆಯಲ್ಲಿ ಮತ್ತೆ ಸೇರಿಸಬಹುದು. ಕೋಣೆಯನ್ನು, ಹತ್ಯಾರನ್ನು, ಕಲಿಸುವವರನ್ನು ಹಾಗೆ ಮತ್ತೆ ಸೇರಿಸಲಾಗುವುದಿಲ್ಲ.

ಜಾಗ ಕಿತ್ತುಕೊಳ್ಳುವುದು ಯಾವಾಗಲೂ ಹೊಸ ವಿಷಯವೇ ಎಂದೇನೂ ಇಲ್ಲ, ಪರೀಕ್ಷೆಯೂ ಕಿತ್ತುಕೊಳ್ಳುತ್ತದೆ. ಅಮೆರಿಕದಲ್ಲಿ 2002ರಲ್ಲಿ ಸಹಿಯಾದ ‘ಯಾವ ಮಗುವೂ ಹಿಂದೆ ಉಳಿಯಬಾರದು’ ಎಂಬ ಕಾನೂನು ಮೂರರಿಂದ ಎಂಟನೇ ತರಗತಿವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯ ಮಾಡಿತು. ಹಿಂದುಳಿದ ಮಕ್ಕಳನ್ನು ಶಾಲೆಗಳು ಕಡೆಗಣಿಸದಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಅಳೆಯುವ ಎರಡು ವಿಷಯಗಳ ಕಡೆಗೆ ಸಮಯ ಹರಿದು, ಅಳೆಯದ ಸಮಾಜ ವಿಜ್ಞಾನ, ಕಲೆ, ಸಂಗೀತ ಹಲವು ಶಾಲಾ ಜಿಲ್ಲೆಗಳಲ್ಲಿ ಸೊರಗಿದವು. ಅತಿ ಹೆಚ್ಚು ಸೊರಗಿದ್ದು ಫಲಿತಾಂಶದ ಒತ್ತಡ ಹೆಚ್ಚಿದ್ದ ಬಡ ಮಕ್ಕಳ ಶಾಲೆಗಳಲ್ಲಿ. ಮನೆಯಲ್ಲಿ ಪಿಯಾನೊ ಇಲ್ಲದ ಮಗುವಿಗೆ ಶಾಲೆಯಲ್ಲೂ ಇಲ್ಲದಂತಾಯಿತು. ಇಂಗ್ಲೆಂಡಿನಲ್ಲಿ ಪರೀಕ್ಷೆಯ ಎಳೆತ ಮೇಲಿನಿಂದ ಬಂತು. ಹದಿನಾರರ ಪರೀಕ್ಷೆಗೆ ಎರಡು ವರ್ಷದ ಬದಲು ಮೂರು ವರ್ಷ ತಯಾರಿ ಮಾಡಿಸಲು ಹಲವು ಶಾಲೆಗಳು ಕೆಳಗಿನ ಹಂತವನ್ನು ಎರಡೇ ವರ್ಷಕ್ಕೆ ಕತ್ತರಿಸಿದವು. ಅಂಥ ಕಡೆ ಮಕ್ಕಳು ಹದಿಮೂರಕ್ಕೇ ಸಂಗೀತವನ್ನೋ ಭೂಗೋಳವನ್ನೋ ಕೈಬಿಡುವಂತಾಯಿತು. ಅಲ್ಲಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 2015ರಲ್ಲಿ ಈ ಹಂತದ ಬಗ್ಗೆ ಬರೆದ ವರದಿಯ ಶೀರ್ಷಿಕೆಯಲ್ಲೇ ‘ವ್ಯರ್ಥವಾದ ವರ್ಷಗಳೇ?’ ಎಂದು ಕೇಳಿತು.

ಇಷ್ಟೆಲ್ಲ ಹೇಳಿ ಗಣಿತಕ್ಕೂ ಭಾಷೆಗೂ ಕೊಟ್ಟ ಸಮಯ ಹೆಚ್ಚಾಯಿತು ಎಂದರೆ ತಪ್ಪಾಗುತ್ತದೆ. ಈ ವಯಸ್ಸಿನಲ್ಲಿ ಗಣಿತದಲ್ಲಿ ನಡೆಯುವ ತಿರುವು ಬಹಳ ಕಡಿದಾದದ್ದು. ಏಳನೇ ತರಗತಿಯ ಒಬ್ಬ ಹುಡುಗಿಯ ನೋಟ್‌ಬುಕ್ಕನ್ನು ಈಚೆಗೆ ನೋಡುತ್ತಿದ್ದೆ. 3ಎ + 2ಬಿ ಎಂಬಲ್ಲಿ 5ಎಬಿ ಎಂದು ಬರೆದಿದ್ದಳು, ಕೆಂಪು ಶಾಯಿಯ ಗೆರೆ ಬಿದ್ದಿತ್ತು. ಯಾಕೆ ಹೀಗೆ ಬರೆದೆ ಎಂದು ಕೇಳಿದೆ. ‘ಕೂಡಬೇಕಲ್ಲ, ಹಾಗೇ ಬಿಟ್ಟರೆ ಉತ್ತರ ಮುಗಿದಂತೆ ಆಗುವುದಿಲ್ಲ’ ಎಂದಳು. ಅವಳ ಮಾತಿನಲ್ಲಿ ಆರು ವರ್ಷದ ಅಂಕಗಣಿತವೇ ಇತ್ತು. ಅಂಕಗಣಿತದಲ್ಲಿ ಕೂಡಿಸು ಎಂದರೆ ಕೊನೆಗೆ ಒಂದು ಸಂಖ್ಯೆ ಬರಲೇಬೇಕು. ಸಮ ಚಿಹ್ನೆ ಎಂದರೆ ‘ಇಗೋ ಉತ್ತರ’ ಎಂದರ್ಥ. 8 + 4 = __ + 5 ಎಂದು ಕೊಟ್ಟರೆ ಎಷ್ಟೋ ಮಕ್ಕಳು ಖಾಲಿ ಜಾಗದಲ್ಲಿ 12 ಎಂದು ಬರೆಯುವುದು ಇದೇ ಕಾರಣಕ್ಕೆ. ಬೀಜಗಣಿತಕ್ಕೆ ಕಾಲಿಟ್ಟಾಗ ಆ ಚಿಹ್ನೆ ತಕ್ಕಡಿಯಾಗಬೇಕು, ಅಕ್ಷರ ಒಂದು ವಸ್ತುವಾಗದೆ ಒಂದು ಸಂಖ್ಯೆಯಾಗಬೇಕು, ಮುಗಿಯದ ಉತ್ತರವನ್ನೂ ಉತ್ತರವೆಂದು ಒಪ್ಪಿಕೊಳ್ಳುವ ಧೈರ್ಯ ಬರಬೇಕು. ಇದು ಒಂದು ವಾರದ ಕೆಲಸವಲ್ಲ.

ಹಾಗಾಗಿ ಬೀಜಗಣಿತವನ್ನು ಯಾವಾಗ ಶುರು ಮಾಡಬೇಕು ಎನ್ನುವುದು ಬರೀ ಪಠ್ಯದ ಪ್ರಶ್ನೆಯಾಗಿ ಉಳಿದಿಲ್ಲ. 1960ರ ದಶಕದಲ್ಲಿ ಮಿಸಿಸಿಪ್ಪಿಯ ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೋರಾಡಿದ ಬಾಬ್ ಮೋಸೆಸ್ 1982ರಲ್ಲಿ ಬೀಜಗಣಿತ ಕಲಿಸುವ ಯೋಜನೆ ಆರಂಭಿಸಿದರು. ಎಂಟನೇ ತರಗತಿಯಲ್ಲಿ ಬೀಜಗಣಿತ ಸಿಗದ ಮಗುವಿಗೆ ಮುಂದಿನ ಬಾಗಿಲುಗಳು ಮುಚ್ಚುತ್ತವೆ, ಅದೂ ಒಂದು ನಾಗರಿಕ ಹಕ್ಕು ಎಂಬುದು ಅವರ ನಿಲುವು. ಸ್ಯಾನ್ ಫ್ರಾನ್ಸಿಸ್ಕೊ ನಗರ 2014ರಲ್ಲಿ ಇದಕ್ಕೆ ಎದುರಾದ ದಾರಿ ಹಿಡಿಯಿತು. ಕೆಲವರು ಮುಂದೆ, ಕೆಲವರು ಹಿಂದೆ ಎಂಬ ವಿಂಗಡಣೆ ಬೇಡವೆಂದು ಎಲ್ಲರಿಗೂ ಒಂಬತ್ತನೇ ತರಗತಿಯಲ್ಲೇ ಬೀಜಗಣಿತ ಎಂದಿತು. ಅನುಕೂಲವಿದ್ದವರು ಹೊರಗೆ ಹಣ ಕೊಟ್ಟು ಮುಂಚೆಯೇ ಕಲಿಸಿದರು, ಇಲ್ಲದವರು ಕಾದರು. ಹತ್ತು ವರ್ಷದ ವಾದದ ನಂತರ, 2024ರಲ್ಲಿ, ಶಾಲಾ ಮಂಡಳಿ ಎಂಟನೇ ತರಗತಿಗೆ ಅದನ್ನು ಮರಳಿ ತರಲು ಒಪ್ಪಿತು. ಮತದಾರರೂ ಮರಳಿ ತನ್ನಿ ಎಂದೇ ಮತ ಹಾಕಿದರು. ಮೋಸೆಸ್ ಬಾಯಲ್ಲೂ 2014ರ ಆ ತೀರ್ಮಾನ ಮಾಡಿದವರ ಬಾಯಲ್ಲೂ ಇದ್ದದ್ದು ಸಮಾನತೆಯ ಮಾತೇ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು: ಆರಂಭಿಸುವ ವರ್ಷದ ಬಗ್ಗೆ ಇಷ್ಟು ಜಗಳವಾಡಿದವರು ಆ ಹುಡುಗಿಯ 5ಎಬಿಯನ್ನು ತಿದ್ದಲು ಎಷ್ಟು ಪಾಠ ಬೇಕು ಎಂಬುದಕ್ಕೆ ಅದರ ಕಾಲು ಭಾಗವಾದರೂ ಗಮನ ಕೊಟ್ಟರೆ?

ಗಣಿತಕ್ಕೆ ಸಮಯ ಬೇಕು ಎನ್ನುವುದಕ್ಕೂ ಮರಗೆಲಸಕ್ಕೆ ಸಮಯ ಬೇಕು ಎನ್ನುವುದಕ್ಕೂ ನಾನು ವಿರೋಧ ಕಾಣುವುದಿಲ್ಲ. ಅನುಪಾತ ಈ ವಯಸ್ಸಿನ ನಡುಗಂಬ. ಗಣಿತದಲ್ಲಿ ಅದು ಸಮಾನುಪಾತ, ವಿಜ್ಞಾನದಲ್ಲಿ ಅದೇ ಸಾಂದ್ರತೆ, ಭೂಗೋಳದಲ್ಲಿ ಅದೇ ನಕ್ಷೆಯ ಪ್ರಮಾಣ, ಸಂಗೀತದಲ್ಲಿ ಅದೇ ತಂತಿಯ ಉದ್ದ ಮತ್ತು ಸ್ವರ. ನಾಲ್ಕು ಜನರ ಅಡುಗೆಯನ್ನು ಆರು ಜನರಿಗೆ ಮಾಡುವಾಗ ಉಪ್ಪು ಎಷ್ಟು ಎಂದು ನಿರ್ಧರಿಸಬೇಕಾದ ಮಗು ಅನುಪಾತವನ್ನು ನಾಲಿಗೆಯಿಂದ ಪರೀಕ್ಷಿಸುತ್ತದೆ. ಆದರೆ ಈ ಐದು ಪಾಠಗಳನ್ನು ಐವರು ಶಿಕ್ಷಕರು ಮಾಡುತ್ತಾರೆ. ಸಾಂದ್ರತೆಯ ಪಾಠ ಜೂನ್‌ನಲ್ಲಿ ಬಂದು ಅನುಪಾತದ ಪಾಠ ನವೆಂಬರ್‌ನಲ್ಲಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ, ಮಗುವಿನ ಹೊರತು. ಮಗು ಅದನ್ನು ‘ವಿಜ್ಞಾನ ಕಷ್ಟ’ ಎಂದು ಹೇಳುತ್ತದೆ.

ಭಾಷೆಯ ಕಥೆಯೂ ಹೀಗೆಯೇ. ವೇಳಾಪಟ್ಟಿಯಲ್ಲಿ ಭಾಷೆಗೆ ಒಂದು ಸಾಲು ಇದೆ, ಆದರೆ ಈ ಹಂತದಲ್ಲಿ ಪ್ರತಿ ವಿಷಯವೂ ಒಂದು ಹೊಸ ಭಾಷೆಯಾಗುತ್ತದೆ. ಐದನೇ ತರಗತಿಯ ಪುಸ್ತಕ ‘ಬಿಸಿಲು ಮಳೆಗೆ ಕಲ್ಲು ಸವೆಯುತ್ತದೆ’ ಎನ್ನುತ್ತದೆ. ಮೂರು ವರ್ಷ ಕಳೆದ ಮೇಲೆ ಅದೇ ಸಂಗತಿ ‘ಶಿಲೆಗಳ ಶಿಥಿಲೀಕರಣವು ಹವಾಮಾನದ ಅಂಶಗಳಿಂದ ಉಂಟಾಗುತ್ತದೆ’ ಎಂದು ಬರುತ್ತದೆ. ಮೊದಲ ವಾಕ್ಯದಲ್ಲಿ ಕಲ್ಲಿಗೆ ಏನೋ ಆಗುತ್ತಿದೆ. ಎರಡನೆಯದರಲ್ಲಿ ಆ ಆಗುವಿಕೆಯೇ ಒಂದು ವಸ್ತುವಾಗಿ ಕರ್ತೃಸ್ಥಾನದಲ್ಲಿ ಕುಳಿತಿದೆ. ಈ ಜಿಗಿತವನ್ನು ಯಾರು ಕಲಿಸಬೇಕು? ಭಾಷೆಯ ಶಿಕ್ಷಕರು ಕವಿತೆ, ಕಥೆ, ವ್ಯಾಕರಣದಲ್ಲಿದ್ದಾರೆ. ಭೂಗೋಳದ ಶಿಕ್ಷಕರಿಗೆ ಪಾಠ ಮುಗಿಸುವ ಅವಸರ. ಮಗು ವಾಕ್ಯವನ್ನು ಬಾಯಿಪಾಠ ಮಾಡುತ್ತದೆ. ಪ್ರಾಥಮಿಕದಲ್ಲಿ ಚೆನ್ನಾಗಿ ಓದುತ್ತಿದ್ದ ಮಗು ಇಲ್ಲಿಗೆ ಬಂದು ಹಿಂದೆ ಬಿತ್ತು ಎಂದು ಪೋಷಕರು ಹೇಳುವಾಗ ಹಲವು ಸಲ ಆದದ್ದು ಇದು. ಇದನ್ನು ಸರಿಪಡಿಸಲು ಹೊಸ ಪಾಠ ಬೇಡ, ಪ್ರತಿ ವಿಷಯದ ಶಿಕ್ಷಕರೂ ತಮ್ಮ ಪುಸ್ತಕದ ಒಂದು ವಾಕ್ಯವನ್ನು ಮಕ್ಕಳೊಂದಿಗೆ ಬಿಚ್ಚಿ ಕಟ್ಟುವುದಕ್ಕೆ ಐದು ನಿಮಿಷ ಕೊಟ್ಟರೆ ಸಾಕು.

ಹಾಗಾದರೆ ಹೊಸ ವಿಷಯಗಳನ್ನು ಎಲ್ಲಿ ಇಡುವುದು? ‘ಎಲ್ಲ ವಿಷಯಗಳಲ್ಲೂ ಬೆರೆಸಿ’ ಎನ್ನುವುದು ಸುಲಭದ ಉತ್ತರ. ಅನುಭವ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. ಎಲ್ಲರಿಗೂ ಸೇರಿದ್ದು ಯಾರ ಹೊಣೆಯೂ ಅಲ್ಲದೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಪೌರನೀತಿ 2002ರಿಂದ ಕಡ್ಡಾಯವಾದರೂ ಎಷ್ಟೋ ಶಾಲೆಗಳಲ್ಲಿ ಅದಕ್ಕೆ ತನ್ನದೇ ಪಾಠವಿಲ್ಲ, ತನ್ನದೇ ಶಿಕ್ಷಕರಿಲ್ಲ. ಚೀನಾ 2022ರ ಶರತ್ಕಾಲದಿಂದ ಶ್ರಮ ಶಿಕ್ಷಣವನ್ನು ಪ್ರತ್ಯೇಕ ವಿಷಯವನ್ನಾಗಿ ಮಾಡಿ, ವಾರಕ್ಕೆ ಸರಾಸರಿ ಒಂದಾದರೂ ಪಾಠ ಇರಲೇಬೇಕು ಎಂದದ್ದು ಬಹುಶಃ ಇದನ್ನು ಕಂಡೇ. ಅಡುಗೆ, ಬೆಳೆ ಬೆಳೆಯುವುದು, ಮನೆಯ ಉಪಕರಣಗಳ ದುರಸ್ತಿ ಅದರಲ್ಲಿವೆ.

ನನ್ನ ಅಳತೆಗೋಲು ಬೇರೆ, ಅದು ಸರಳವೂ ಹೌದು. ಒಂದು ವಿಷಯಕ್ಕೆ ಕೋಣೆ, ಹತ್ಯಾರು, ದೇಹ ಬೇಕೇ, ಅಥವಾ ಒಂದು ಅಧ್ಯಾಯ ಸಾಕೇ? ಅಧ್ಯಾಯ ಸಾಕಾಗುವುದಾದರೆ ಅದಕ್ಕೆ ವೇಳಾಪಟ್ಟಿಯಲ್ಲಿ ಹೊಸ ಸಾಲು ಕೊಡಬೇಕಿಲ್ಲ. ಕೃತಕ ಬುದ್ಧಿಮತ್ತೆಯನ್ನೇ ತೆಗೆದುಕೊಳ್ಳಿ. ಜಪಾನಿನ ಜೂನಿಯರ್ ಹೈಸ್ಕೂಲಿನ ಎರಡನೇ ವರ್ಷದ ಗಣಿತದಲ್ಲಿ ಈಗ ದತ್ತಾಂಶದ ಹರಡುವಿಕೆಯನ್ನು ತೋರಿಸುವ ಬಾಕ್ಸ್ ಪ್ಲಾಟ್ ಇದೆ. ಮೂರನೇ ವರ್ಷದಲ್ಲಿ ಮಾದರಿ ಸಮೀಕ್ಷೆ ಇದೆ. ಇಡೀ ಸಮೂಹವನ್ನು ಅಳೆಯಲಾಗದಾಗ ಅದರಿಂದ ಒಂದು ಹಿಡಿಯನ್ನು ತೆಗೆದು ನೋಡುವುದು, ಆ ಹಿಡಿ ಪಕ್ಷಪಾತದ್ದಾಗಿದ್ದರೆ ತೀರ್ಮಾನ ತಪ್ಪುವುದು, ಆ ಅಧ್ಯಾಯದ ತಿರುಳು. ಒಂದೇ ಬಗೆಯ ಮುಖಗಳ ಚಿತ್ರಗಳಿಂದ ಕಲಿತ ಯಂತ್ರ ಬೇರೆ ಮುಖಗಳನ್ನು ಗುರುತಿಸುವಾಗ ಯಾಕೆ ಎಡವುತ್ತದೆ ಎನ್ನುವುದು ಇದೇ ಪಾಠದ ಮುಂದಿನ ಪುಟ. ಸುಳ್ಳು ಸುದ್ದಿಯ ಪಾಠ ಇತಿಹಾಸದ ಆಧಾರ ಪರಿಶೀಲನೆಯಲ್ಲಿದೆ. ಬಡ್ಡಿಯ ಪಾಠ ಶೇಕಡಾವಾರಿನಲ್ಲಿದೆ. ಹವಾಮಾನದ ಪಾಠ ಭೂಗೋಳ ಮತ್ತು ವಿಜ್ಞಾನದ ನಡುವೆ ಈಗಾಗಲೇ ಇದೆ. ಇವನ್ನು ಹೆಸರು ಹಿಡಿದು, ಇಂಥ ಶಿಕ್ಷಕರು, ಇಂಥ ಅಧ್ಯಾಯದಲ್ಲಿ ಎಂದು ಬರೆದಿಟ್ಟರೆ ಹೊಣೆಯೂ ತಪ್ಪುವುದಿಲ್ಲ.

ಅಡುಗೆಯನ್ನು ಹೀಗೆ ಇನ್ನೊಂದರೊಳಗೆ ಬೆರೆಸಲಾಗುವುದಿಲ್ಲ. ಹಾಡನ್ನೂ ಆಗುವುದಿಲ್ಲ. ಹೊಲಿಗೆ, ಬೆಸುಗೆ, ಮಣ್ಣು, ಓಟ, ನಾಟಕ ಇವುಗಳಿಗೆ ಜಾಗ ಬೇಕು, ಗಂಟೆ ಬೇಕು, ಅದೂ ಎರಡು ಪಾಠ ಒಟ್ಟಿಗೆ ಬೇಕು. ಹದಿಮೂರರ ವಯಸ್ಸಿನಲ್ಲಿ ದೇಹ ದಿನದಿನಕ್ಕೆ ಬದಲಾಗುತ್ತಿರುತ್ತದೆ. ನಿನ್ನೆಯವರೆಗೆ ತನ್ನದಾಗಿದ್ದ ಕೈ ಇವತ್ತು ಉದ್ದವಾಗಿ ಲೋಟ ಬೀಳಿಸುತ್ತದೆ. ಇಂಥ ಹೊತ್ತಿನಲ್ಲಿ ಮಗುವನ್ನು ದಿನಕ್ಕೆ ಆರು ತಾಸು ಬೆಂಚಿನ ಮೇಲೆ ಕೂರಿಸಿ, ಕೈಗೆ ಕೆಲಸ ಕೊಡುವ ಪಾಠಗಳನ್ನೇ ಮೊದಲು ಕತ್ತರಿಸುತ್ತಿದ್ದೇವಲ್ಲ ಎಂಬುದು ನನಗೆ ತಡೆಯಲಾಗದ ಸಂಕಟ.

ಇದಕ್ಕೆ ಸಮಯ ಮಾಡಿಕೊಡಲು ಯತ್ನಿಸಿದವರಿದ್ದಾರೆ. ದಕ್ಷಿಣ ಕೊರಿಯಾ 2013ರಲ್ಲಿ ಪ್ರಯೋಗವಾಗಿ ಆರಂಭಿಸಿ 2016ರಲ್ಲಿ ಎಲ್ಲ ಮಿಡ್ಲ್ ಸ್ಕೂಲುಗಳಿಗೂ ತಂದ ‘ಮುಕ್ತ ಅವಧಿ’ಯಲ್ಲಿ ಅರ್ಧ ವರ್ಷ ಲಿಖಿತ ಪರೀಕ್ಷೆಗಳಿಲ್ಲ, ಮಧ್ಯಾಹ್ನದ ಹೊತ್ತು ಕಲೆ, ಕ್ರೀಡೆ, ವೃತ್ತಿಗಳ ಪರಿಚಯ. ಭಾರತದ 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು 10 ದಿನ ಪುಸ್ತಕದ ಚೀಲವಿಲ್ಲದ ಅವಧಿಯನ್ನು ಹೇಳುತ್ತದೆ. ಹತ್ತು ದಿನ ಒಂದು ಬಾಗಿಲು ತೆರೆಯಬಲ್ಲದು. ಒಳಗೆ ಹೋಗಲು ವಾರವಾರದ ಗಂಟೆಯೇ ಬೇಕು.

ಜಪಾನಿನಲ್ಲಿ ಈಗ ಮುಂದಿನ ಪರಿಷ್ಕರಣೆಯ ಮಾತುಕತೆ ನಡೆಯುತ್ತಿದೆ. 2024ರ ಡಿಸೆಂಬರ್‌ನಲ್ಲಿ ಶಿಕ್ಷಣ ಸಚಿವಾಲಯ ತನ್ನ ಸಲಹಾ ಮಂಡಳಿಯ ಮುಂದೆ ಪ್ರಶ್ನೆಗಳನ್ನಿಟ್ಟಿತು. ತಂತ್ರಜ್ಞಾನವನ್ನು ಗೃಹವಿಜ್ಞಾನದಿಂದ ಬೇರ್ಪಡಿಸಿ ಮಾಹಿತಿ ಮತ್ತು ತಂತ್ರಜ್ಞಾನ ಎಂಬ ಸ್ವತಂತ್ರ ವಿಷಯ ಮಾಡುವ ಪ್ರಸ್ತಾಪ ಚರ್ಚೆಯಲ್ಲಿದೆ. ಒಟ್ಟು ಪಾಠಗಳನ್ನು ಈಗಿರುವುದಕ್ಕಿಂತ ಹೆಚ್ಚಿಸುವುದಿಲ್ಲ ಎಂಬ ಷರತ್ತನ್ನು ಮೊದಲೇ ಹಾಕಿಕೊಂಡಿದ್ದಾರೆ. ಹೊಸ ವಿಷಯ ಬಂದರೆ ಅದರ ಪಾಠಗಳು ಆ 1,015ರೊಳಗಿನಿಂದಲೇ ಬರಬೇಕು. ಆ ಕೋಷ್ಟಕ ಪ್ರಕಟವಾದ ದಿನ ಎಲ್ಲರೂ ಹೊಸ ಸಾಲನ್ನು ನೋಡುತ್ತಾರೆ. ನಾನು ಮೊದಲು ನೋಡುವುದು ಗೃಹವಿಜ್ಞಾನದ ಎದುರಿನ ಅಂಕಿಯನ್ನು, ಆಮೇಲೆ ಸಂಗೀತದ್ದು, ಆಮೇಲೆ ಚಿತ್ರಕಲೆಯದು.